ನಾವಿಕ್ ಉಪಗ್ರಹಗಳ ಹಾಜರಿ: ಬೆಂಗಳೂರಿನ ತಾರಸಿಯಿಂದ ನೋಡುವುದು ಹೇಗೆ

ನಾವಿಕ್ ಎಂದರೆ ಅಮೆರಿಕದ ಜಿಪಿಎಸ್‌ನಂತೆ ಸ್ಥಾನ ಮತ್ತು ಸಮಯ ತಿಳಿಸುವ, ಇಸ್ರೋದ ಸ್ವಂತ ಉಪಗ್ರಹ ವ್ಯವಸ್ಥೆ. ಆದರೆ ಶ್ರೀಹರಿಕೋಟಾದಿಂದ ರಾಕೆಟ್ ಸರಿಯಾಗಿ ಹಾರಿತು ಎಂದ ಮಾತ್ರಕ್ಕೆ ನ್ಯಾವಿಗೇಷನ್ ಉಪಗ್ರಹ ಕೆಲಸಕ್ಕೆ ಬಂತು ಎಂದಲ್ಲ. ಅದು ತನ್ನ ಕಕ್ಷೆ ಸೇರಬೇಕು, ಒಳಗಿನ ಪರಮಾಣು ಗಡಿಯಾರ ನಡೆಯುತ್ತಿರಬೇಕು, ಅದು ಕಳಿಸುವ ಮಾಹಿತಿ ಸರಿಯಿದೆ ಎಂದು ನೆಲದಲ್ಲಿರುವವರು ಒಪ್ಪಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಆಕಾಶದಲ್ಲಿ ಉಪಗ್ರಹ ಇರುತ್ತದೆ, ನಿಮ್ಮ ಮ್ಯಾಪಿಗೆ ಅದರಿಂದ ಮೂರು ಕಾಸಿನ ಉಪಯೋಗ ಇರುವುದಿಲ್ಲ. 2025ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕವೇ ಇದನ್ನು ಹೇಳುತ್ತದೆ: ಹಾರಿಸಿದ್ದು 11, ಅದರಲ್ಲಿ ಸ್ಥಾನ ಮತ್ತು ಸಮಯದ ಸೇವೆ ಕೊಡುತ್ತಿದ್ದದ್ದು 4, ಏಕಮುಖ ಸಂದೇಶ ರವಾನೆಗೆ ಮಾತ್ರ ಉಳಿದಿದ್ದದ್ದು 4, ಸೇವೆಯಿಂದ ತೆಗೆದದ್ದು 1, ಉದ್ದೇಶಿತ ಕಕ್ಷೆ ಸೇರದ್ದು 2.

ಇವುಗಳಲ್ಲಿ ಇವತ್ತು ಯಾವುದು ಹಾಜರು, ಯಾವುದು ಗೈರು ಎಂದು ನೀವೇ ನೋಡಬಹುದು. ಬೇಕಾದದ್ದು ಒಂದು ಆಂಡ್ರಾಯ್ಡ್ ಫೋನ್, ತೆರೆದ ತಾರಸಿ, ಅರ್ಧ ಗಂಟೆ ಬಿಡುವು.

ಫೋನ್ ಮತ್ತು ಆ್ಯಪ್

ಫೋನು ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದಿರಬೇಕು. ನಾವಿಕ್ ಉಪಗ್ರಹಗಳನ್ನು ಬೇರೆಯಾಗಿ ಗುರುತಿಸುವ ವ್ಯವಸ್ಥೆ ಆಂಡ್ರಾಯ್ಡಿಗೆ ಬಂದದ್ದೇ ಆ ಆವೃತ್ತಿಯಲ್ಲಿ. ಅದಕ್ಕಿಂತ ಮುಖ್ಯವಾದದ್ದು ಚಿಪ್ ಮತ್ತು ಆಂಟೆನಾ. ನಾವಿಕ್‌ನ ಹಳೆಯ ಉಪಗ್ರಹಗಳೆಲ್ಲ ಎಲ್5 (1176.45 ಮೆಗಾಹರ್ಟ್ಸ್) ಮತ್ತು ಎಸ್ (2492.028 ಮೆಗಾಹರ್ಟ್ಸ್) ಎಂಬ ರೇಡಿಯೋ ಬ್ಯಾಂಡುಗಳಲ್ಲಿ ಮಾತ್ರ ಮಾತಾಡುತ್ತವೆ. ಜಿಪಿಎಸ್‌ನ ಮಾಮೂಲಿ ಎಲ್1 (1575.42 ಮೆಗಾಹರ್ಟ್ಸ್) ಅವುಗಳಲ್ಲಿ ಇಲ್ಲ. ಎಲ್1 ಬಂದದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ, ಅದು ಎರಡನೆಯ ಸರಣಿಯ ಮೊದಲ ಉಪಗ್ರಹ. ಹಾಗಾಗಿ ಎಲ್5 ಹಿಡಿಯದ ಫೋನಿನಲ್ಲಿ ಎಷ್ಟು ಹೊತ್ತು ಕಾದರೂ ಏನೂ ಕಾಣುವುದಿಲ್ಲ. 2020ರ ಜನವರಿಯಲ್ಲಿ ಸ್ನ್ಯಾಪ್‌ಡ್ರ್ಯಾಗನ್ 720ಜಿ, 662, 460 ಚಿಪ್‌ಗಳು ನಾವಿಕ್ ಬೆಂಬಲದೊಂದಿಗೆ ಬಂದವು. ಆಮೇಲಿನ ಚಿಪ್‌ಗಳಲ್ಲಿ ಅನೇಕವಕ್ಕೆ ಈ ಬೆಂಬಲ ಇದೆ. ಆದರೆ ಚಿಪ್ ಹಿಡಿಯುತ್ತದೆ ಎಂದ ಮಾತ್ರಕ್ಕೆ ಫೋನ್ ತಯಾರಕರು ಎಲ್5 ಆಂಟೆನಾ ಹಾಕಿರುತ್ತಾರೆ ಎನ್ನುವಂತಿಲ್ಲ. ಅಗ್ಗದ ಫೋನುಗಳಲ್ಲಿ ಕೈಬಿಡುವುದು ಇದನ್ನೇ. ಫೋನಿನ ವಿವರಪಟ್ಟಿಯಲ್ಲಿ ‘ನಾವಿಕ್’ ಜೊತೆಗೆ ‘ಎಲ್1+ಎಲ್5’ ಅಥವಾ ‘ಡ್ಯುಯಲ್ ಫ್ರೀಕ್ವೆನ್ಸಿ’ ಎಂದೂ ಇದೆಯೇ ನೋಡಿ.

ಐಫೋನ್ 15 ಪ್ರೊನಿಂದ ಆಪಲ್ ಕೂಡ ನಾವಿಕ್ ಸೇರಿಸಿದೆ. ಆದರೆ ಯಾವ ಉಪಗ್ರಹ ಕಾಣುತ್ತಿದೆ ಎಂಬ ಪಟ್ಟಿಯನ್ನು ಐಫೋನ್ ಯಾವ ಆ್ಯಪಿಗೂ ಕೊಡುವುದಿಲ್ಲ. ಈ ಕೆಲಸಕ್ಕೆ ಅದು ಬೇಡ.

ಪ್ಲೇ ಸ್ಟೋರಿನಿಂದ ‘ಜಿಪಿಎಸ್‌ಟೆಸ್ಟ್’ ಹಾಕಿಕೊಳ್ಳಿ, ಉಚಿತ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಡಗಿರುವ ಡೆವಲಪರ್ ಆಪ್ಷನ್ಸ್ ಮೆನು ತೆರೆದು ‘ಫೋರ್ಸ್ ಫುಲ್ ಜಿಎನ್‌ಎಸ್‌ಎಸ್ ಮೆಶರ್‌ಮೆಂಟ್ಸ್’ ಎಂಬುದಿದ್ದರೆ ಆನ್ ಮಾಡಿ. ಇಲ್ಲದಿದ್ದರೆ ಬ್ಯಾಟರಿ ಉಳಿಸಲೆಂದು ಫೋನು ರಿಸೀವರನ್ನು ಕ್ಷಣಕ್ಷಣಕ್ಕೂ ಆನ್-ಆಫ್ ಮಾಡುತ್ತಿರುತ್ತದೆ. ಬ್ಯಾಟರಿ ಸೇವರ್ ಆಫ್ ಇರಲಿ. ಕೆಲಸ ಮುಗಿದ ಮೇಲೆ ಆ ಆಪ್ಷನ್ ಮತ್ತೆ ಆಫ್ ಮಾಡಲು ಮರೆಯಬೇಡಿ, ಸಂಜೆಯೊಳಗೆ ಚಾರ್ಜ್ ಖಾಲಿಯಾಗುತ್ತದೆ.

ಎಲ್ಲಿ ನಿಲ್ಲಬೇಕು, ಎತ್ತ ನೋಡಬೇಕು

ಜಿಪಿಎಸ್ ಉಪಗ್ರಹಗಳು ಆಕಾಶದ ತುಂಬ ಓಡಾಡುತ್ತವೆ; ಒಂದು ಮರೆಯಾದರೆ ಇನ್ನೊಂದು ಬರುತ್ತದೆ. ನಾವಿಕ್ ಹಾಗಲ್ಲ. ಎಲ್ಲವೂ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿಯ ಜೊತೆಗೇ ಸುತ್ತುವ ಕಕ್ಷೆಯಲ್ಲಿವೆ. ನಿಮ್ಮ ಪಶ್ಚಿಮಕ್ಕೆ ಐದು ಮಹಡಿಯ ಅಪಾರ್ಟ್‌ಮೆಂಟ್ ಎದ್ದಿದ್ದರೆ ಆ ಕಡೆಯ ನಾವಿಕ್ ಉಪಗ್ರಹ ನಿಮಗೆ ಇವತ್ತೂ ಇಲ್ಲ, ನಾಳೆಯೂ ಇಲ್ಲ. ಆದ್ದರಿಂದ ಮೊದಲು ದಿಕ್ಕು ತಿಳಿದಿರಬೇಕು. ಬೆಂಗಳೂರಿನಿಂದ ಲೆಕ್ಕ ಹಾಕಿದರೆ ಸ್ಥಾನಗಳು ಹೀಗೆ (ಅಜಿಮತ್ ಎಂದರೆ ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸಿದ ಕೋನ):

- 32.5° ಪೂರ್ವ ರೇಖಾಂಶ: ಅಜಿಮತ್ 257°, ದಿಗಂತದಿಂದ ಎತ್ತರ 36°. ಪಶ್ಚಿಮ, ತುಸು ದಕ್ಷಿಣಕ್ಕೆ. ಇಲ್ಲಿನದು 1ಎಫ್ (ಮೊದಲ ಸರಣಿಯ ಉಪಗ್ರಹಗಳಿಗೆ 1ಎ, 1ಬಿ ಎಂದು ಹೀಗೆ ಹೆಸರು), ಆ್ಯಪಿನ ಪಟ್ಟಿಯಲ್ಲಿ ಸಂಖ್ಯೆ 6.
- 83°: ಅಜಿಮತ್ 157°, ಎತ್ತರ 73°. ಹೆಚ್ಚುಕಡಿಮೆ ನೆತ್ತಿಯ ಮೇಲೆ. 1ಸಿ, ಸಂಖ್ಯೆ 3.
- 129.5°: ಅಜಿಮತ್ 100°, ಎತ್ತರ 29°. ಪೂರ್ವಕ್ಕೆ, ಸಾಕಷ್ಟು ಕೆಳಗೆ. ಎನ್‌ವಿಎಸ್-01, ಸಂಖ್ಯೆ 10.
- 55°: 1ಬಿ (ಸಂಖ್ಯೆ 2) ಮತ್ತು 1ಐ (ಸಂಖ್ಯೆ 9). ಇವು ನಿಂತಲ್ಲೇ ನಿಲ್ಲುವುದಿಲ್ಲ. ಕಕ್ಷೆ ಸಮಭಾಜಕಕ್ಕೆ 29° ಓರೆಯಾಗಿರುವುದರಿಂದ ದಿನಕ್ಕೊಮ್ಮೆ ‘8’ರ ಆಕಾರದಲ್ಲಿ ವಾಯವ್ಯದಿಂದ (311°) ದಕ್ಷಿಣ-ನೈಋತ್ಯದವರೆಗೆ (207°) ಹೋಗಿಬರುತ್ತವೆ. ಎತ್ತರ 35°ಯಿಂದ ಸುಮಾರು 64°.
- 111.75°: 1ಡಿ (4), 1ಇ (5). ಇವೂ ‘8’ರ ದಾರಿಯವು, ಪೂರ್ವದ ಕಡೆ, ಎತ್ತರ 29°ಯಿಂದ 51°.

ಮೊದಲ ಮೂರು ಸ್ಥಾನದವು ಸ್ಥಿರ ಎಂದು ಹೆಸರಾದರೂ ನಾಲ್ಕೈದು ಡಿಗ್ರಿ ಮೇಲೆ ಕೆಳಗೆ ಆಡುತ್ತವೆ. ಇಂಧನ ಉಳಿಸಲು ಅಷ್ಟು ಸಡಿಲ ಬಿಟ್ಟಿರುತ್ತಾರೆ. ಆ್ಯಪ್ ತೋರಿಸುವ ಕೋನ ಇದಕ್ಕೆ ತುಸು ಹೊಂದದಿದ್ದರೆ ಗಾಬರಿ ಬೇಡ.

ಈಗ ತಾರಸಿ. ಫೋನನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅಂಗಾತ ಇಡಿ. ಕೈಯಲ್ಲಿ ಹಿಡಿದರೆ ಬೆರಳು ಆಂಟೆನಾ ಇರುವ ಅಂಚನ್ನು ಮುಚ್ಚುತ್ತದೆ. ಕಬ್ಬಿಣದ ರೇಲಿಂಗ್ ಮೇಲೆ, ಶೀಟಿನ ಮೇಲೆ ಇಡಬೇಡಿ. ನೀರು ತುಂಬಿದ ಸಿಂಟೆಕ್ಸ್ ಟ್ಯಾಂಕ್ ಈ ತರಂಗಗಳನ್ನು ಚೆನ್ನಾಗಿ ಹೀರುತ್ತದೆ. ಅದರ ಮಗ್ಗುಲಿಗಿಟ್ಟರೆ ಆ ದಿಕ್ಕು ಕುರುಡು. ನಮ್ಮೂರಿನ ಮನೆಗಳಲ್ಲಿ ಸೋಲಾರ್ ವಾಟರ್ ಹೀಟರ್ ದಕ್ಷಿಣಕ್ಕೆ ಮುಖ ಮಾಡಿ ಕೂತಿರುತ್ತದೆ. ಅದರ ಎದುರಿಗೆ ಇಡಬೇಡಿ, ಪಕ್ಕಕ್ಕೆ ನಾಲ್ಕೈದು ಮೀಟರ್ ಸರಿಯಿರಿ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಜಿಪಿಎಸ್ ಅಭ್ಯಾಸವಾದವರು ಎಡವುವುದು ಇಲ್ಲೇ. ಗೋಡೆಗೋ ಲೋಹಕ್ಕೋ ಬಡಿದು ಬರುವ ಪ್ರತಿಫಲನ ದೂರವನ್ನು ತಪ್ಪಾಗಿ ತೋರಿಸುತ್ತದೆ. ಜಿಪಿಎಸ್ ಉಪಗ್ರಹ ಚಲಿಸುವುದರಿಂದ ಆ ತಪ್ಪು ಒಮ್ಮೆ ಆಚೆ ಒಮ್ಮೆ ಈಚೆ ಆಗಿ, ಸ್ವಲ್ಪ ಹೊತ್ತಿನ ಸರಾಸರಿ ತೆಗೆದರೆ ಬಹುಪಾಲು ಕಳೆದುಹೋಗುತ್ತದೆ. ಸ್ಥಿರ ಉಪಗ್ರಹದ್ದು ಹಾಗಲ್ಲ. ಟ್ಯಾಂಕೂ ಅಲ್ಲೇ, ಉಪಗ್ರಹವೂ ಅಲ್ಲೇ, ಫೋನೂ ಅಲ್ಲೇ. ಬೆಳಗಿನಿಂದ ಸಂಜೆವರೆಗೆ ಸರಾಸರಿ ತೆಗೆದರೂ ತಪ್ಪು ಬಹುಪಾಲು ಹಾಗೇ ಉಳಿಯುತ್ತದೆ. ಇದಕ್ಕಿರುವ ಉಪಾಯ ಕಾಯುವುದಲ್ಲ, ಜಾಗ ಬದಲಿಸುವುದು. ಒಂದು ಮೀಟರ್ ಸರಿಸಿ ಮತ್ತೆ ನೋಡಿ.

ಪಟ್ಟಿ ಓದುವುದು

ಆ್ಯಪಿನ ‘ಸ್ಟೇಟಸ್’ ಪುಟ ತೆರೆದು ಎರಡು ಮೂರು ನಿಮಿಷ ಫೋನ್ ಮುಟ್ಟಬೇಡಿ. ಬಹಳಷ್ಟು ಚಿಪ್‌ಗಳು ಮೊದಲು ಎಲ್1ರಲ್ಲಿ ಜಿಪಿಎಸ್ ಹಿಡಿದು, ಸಮಯ ಗೊತ್ತಾದ ಮೇಲೆ ಎಲ್5 ಕಡೆ ತಿರುಗುತ್ತವೆ. ಅಲ್ಲದೆ ಜಿಪಿಎಸ್‌ಗೆ ಬೇಕಾದ ಕಕ್ಷೆಯ ವಿವರ ಇಂಟರ್‌ನೆಟ್ಟಿನಿಂದ ಕ್ಷಣದಲ್ಲಿ ಇಳಿಯುತ್ತದೆ. ನಾವಿಕ್‌ಗೆ ಆ ನೆರವು ಸಿಗದಿದ್ದರೆ ಉಪಗ್ರಹವೇ ಹೇಳುವುದನ್ನು ಕೇಳಬೇಕು. ನಾವಿಕ್ ಸಂದೇಶ ನಾಲ್ಕು ಭಾಗದ್ದು, ಒಂದೊಂದಕ್ಕೆ 12 ಸೆಕೆಂಡು, ಒಟ್ಟು 48 ಸೆಕೆಂಡು. ಕಕ್ಷೆ ಮತ್ತು ಗಡಿಯಾರದ ವಿವರ ಮೊದಲ ಎರಡು ಭಾಗಗಳಲ್ಲಿದೆ. ಆ ಹೊತ್ತಿಗೆ ನೀವು ಫೋನ್ ಎತ್ತಿ ನೋಡಿ ಸಂಕೇತ ತಪ್ಪಿಸಿದರೆ ಮುಂದಿನ ಸರದಿಗೆ ಕಾಯಬೇಕು.

ಭಾರತದ ಧ್ವಜ ಇರುವ ಸಾಲುಗಳನ್ನು ಹುಡುಕಿ. ಇಲ್ಲೊಂದು ಎಚ್ಚರ: 127, 128 ಎಂಬ ಸಂಖ್ಯೆಯವು ನಾವಿಕ್ ಅಲ್ಲ, ವಿಮಾನಗಳಿಗಾಗಿ ಜಿಪಿಎಸ್ ತಿದ್ದುಪಡಿ ಕಳಿಸುವ ಗಗನ್ ವ್ಯವಸ್ಥೆಯವು. 128 ಇರುವ ಜಿಸ್ಯಾಟ್-10 ಕೂಡ 83°ಯಲ್ಲೇ ಇರುವುದರಿಂದ ದಿಕ್ಕು ನೋಡಿ ಮೋಸಹೋಗುವುದು ಸುಲಭ. ನಾವಿಕ್ ಸಂಖ್ಯೆಗಳು 1ರಿಂದ 14ರ ಒಳಗೆ, ಫ್ರೀಕ್ವೆನ್ಸಿ ಕಾಲಮ್ಮಿನಲ್ಲಿ ಎಲ್5 ಎಂದಿರುತ್ತದೆ.

ಸಿ/ಎನ್‌ಝೀರೋ (C/N0) ಕಾಲಮ್ ಸಂಕೇತದ ಬಲ. 35ರಿಂದ 45 ಇದ್ದರೆ ಚೆನ್ನಾಗಿದೆ. 25ಕ್ಕಿಂತ ಕಡಿಮೆಯಾದರೆ ಸಂದೇಶ ಓದುವುದು ತ್ರಾಸ. ಮನೆಯೊಳಗೆ 15-20 ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಿಜವಾದ ಹಾಜರಿ ಇರುವುದು ‘ಫ್ಲ್ಯಾಗ್ಸ್’ ಕಾಲಮ್ಮಿನಲ್ಲಿ. ಅಲ್ಲಿ ಮೂರು ಇಂಗ್ಲಿಷ್ ಅಕ್ಷರ (A, E, U) ಬರಬಹುದು. ಎ ಎಂದರೆ ಉಪಗ್ರಹದ ಸ್ಥೂಲ ವಿವರ ಇದೆ. ಇ ಎಂದರೆ ನಿಖರವಾದ ಕಕ್ಷೆಯ ವಿವರ ಸಿಕ್ಕಿದೆ. ಯು ಎಂದರೆ ನಿಮ್ಮ ಸ್ಥಾನದ ಲೆಕ್ಕದಲ್ಲಿ ಅದನ್ನು ಬಳಸಲಾಗಿದೆ. ಯು ಬಿದ್ದಿದ್ದರೆ ಹಾಜರು. ಬಲ 40 ಇದ್ದೂ, ಇ ಇದ್ದೂ, ಯು ಬೀಳದಿದ್ದರೆ ಎರಡರಲ್ಲೊಂದು: ಫೋನಿನ ಸಾಫ್ಟ್‌ವೇರ್ ಆ ಉಪಗ್ರಹವನ್ನು ಬಳಸಲು ತಯಾರಿಲ್ಲ, ಅಥವಾ ಉಪಗ್ರಹವೇ ‘ನನ್ನ ಮಾಹಿತಿ ನಂಬಬೇಡಿ’ ಎನ್ನುತ್ತಿದೆ. ಸಂದೇಶದ ಮೊದಲ ಭಾಗದಲ್ಲಿ ಇದಕ್ಕೆಂದೇ ಒಂದು ಬಿಟ್ ಇದೆ. 0 ಇದ್ದರೆ ಎಲ್5ರ ಮಾಹಿತಿ ಸರಿ, 1 ಇದ್ದರೆ ಸರಿಯಿಲ್ಲ. ಎರಡರಲ್ಲಿ ಯಾವುದು ಎಂದು ತಿಳಿಯಲು ಬೇರೆ ಚಿಪ್ಪಿನ ಇನ್ನೊಂದು ಫೋನನ್ನು ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಯು ಇಲ್ಲದಿದ್ದರೆ ಸಂಶಯ ಉಪಗ್ರಹದ ಮೇಲೆ.

ಏನೇನೂ ಕಾಣದಿದ್ದರೆ ಮೆನುವಿನಲ್ಲಿ ‘ಕ್ಲಿಯರ್ ಅಸಿಸ್ಟೆನ್ಸ್ ಡೇಟಾ’ ಒತ್ತಿ ಮತ್ತೆ ಹತ್ತು ನಿಮಿಷ ಕಾಯಿರಿ. ಅಷ್ಟಾದರೂ ಬರದಿದ್ದರೆ ಫೋನಿಗೆ ಎಲ್5 ಇಲ್ಲ, ಇಲ್ಲವೇ ನಾವಿಕ್ ಬೆಂಬಲ ಇಲ್ಲ ಎಂದು ಹೆಚ್ಚಾಗಿ ಅರ್ಥ. ಮೋಡ, ಮಳೆಯನ್ನು ದೂರಬೇಡಿ, ಈ ಬ್ಯಾಂಡಿಗೆ ಅವು ಲೆಕ್ಕಕ್ಕಿಲ್ಲ. ಮಳೆಯಲ್ಲಿ ನೆನೆದ ಹೊಂಗೆಮರದ ಕೆಳಗೆ ಇಟ್ಟರೆ ಮಾತ್ರ ಬಲ ಇಳಿಯುತ್ತದೆ. ತೊಯ್ದ ಎಲೆಗಳ ಕೆಲಸ ಅದು.

ಹೊತ್ತನ್ನೂ ನೋಡಿಕೊಳ್ಳಿ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಂಜೆ ಕತ್ತಲಾದ ಮೇಲೆ ನಡುರಾತ್ರಿಯವರೆಗೆ ಒಳ್ಳೆಯ ಜಾಗದಲ್ಲೂ ಬಲ ಕೆಲವೇ ಸೆಕೆಂಡಿನಲ್ಲಿ ಹತ್ತು ಅಂಕ ಬಿದ್ದು ಎದ್ದು ಮಾಡುವುದುಂಟು. ಬೆಂಗಳೂರು ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರ. ಸೂರ್ಯ ಮುಳುಗಿದ ಮೇಲೆ ಇಲ್ಲಿನ ಅಯಾನುಗೋಲದಲ್ಲಿ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶ ಇರುವ ಪದರ) ಗುಳ್ಳೆಗಳಂಥ ಏರುಪೇರು ಏಳುತ್ತದೆ. ಅದರ ಮೂಲಕ ಬರುವ ಸಂಕೇತಕ್ಕಾಗುವ ವಿಳಂಬವೂ ಎಲ್1ಗಿಂತ ಎಲ್5ರಲ್ಲಿ 1.79 ಪಟ್ಟು ಹೆಚ್ಚು. ಹೋಲಿಕೆ ಮಾಡುವವರು ಬೆಳಗಿನ ಹೊತ್ತಿನಲ್ಲಿ ಮಾಡುವುದು ಲೇಸು.

ವಾರದ ಲೆಕ್ಕ

ಒಂದು ದಿನ ನೋಡಿ ತೀರ್ಮಾನಕ್ಕೆ ಬರಬೇಡಿ. ಆ್ಯಪಿನಲ್ಲೇ ಲಾಗ್ ಫೈಲ್ ಬರೆಯುವ ಸೌಲಭ್ಯ ಇದೆ. ಬೇಡವೆಂದರೆ ಪುಸ್ತಕದಲ್ಲಿ ಸಮಯ, ಸಂಖ್ಯೆ, ಕೋನ, ಬಲ, ಯು ಇದೆಯೇ ಎಂದು ಬರೆದಿಡಿ. ‘8’ರ ದಾರಿಯ ಉಪಗ್ರಹಗಳ ಸುತ್ತು 23 ಗಂಟೆ 56 ನಿಮಿಷದ್ದು. ಹಾಗಾಗಿ ಇವತ್ತು ಸಂಜೆ 6ಕ್ಕೆ ಇದ್ದ ಜಾಗಕ್ಕೆ ನಾಳೆ 5.56ಕ್ಕೇ ಬರುತ್ತದೆ, ತಿಂಗಳಿಗೆ ಸುಮಾರು ಎರಡು ಗಂಟೆ ಹಿಂದೆ ಸರಿಯುತ್ತದೆ. ‘ಹೋದ ತಿಂಗಳು ಇದೇ ಹೊತ್ತಿಗೆ ಚೆನ್ನಾಗಿ ಬರುತ್ತಿತ್ತು, ಈಗ ಇಲ್ಲ’ ಎನ್ನುವವರಿಗೆ ಎಷ್ಟೋ ಸಲ ಇದೇ ಉತ್ತರ: ಉಪಗ್ರಹ ಕೆಟ್ಟಿಲ್ಲ, ಆ ಹೊತ್ತಿಗೆ ಪಕ್ಕದ ಕಟ್ಟಡದ ಹಿಂದಿದೆ.

ನಾಲ್ಕೇ ಉಪಗ್ರಹ ಸೇವೆಯಲ್ಲಿದ್ದಾಗ ಒಂದು ಮರೆಯಾದರೂ ನಾವಿಕ್ ಒಂದರಿಂದಲೇ ಸ್ಥಾನ ಕಂಡುಹಿಡಿಯಲು ಆಗುವುದಿಲ್ಲ. ಅಕ್ಷಾಂಶ, ರೇಖಾಂಶ, ಎತ್ತರ, ಫೋನಿನ ಗಡಿಯಾರದ ತಪ್ಪು, ಹೀಗೆ ಗೊತ್ತಿಲ್ಲದ ಅಂಶ ನಾಲ್ಕು. ಅದಕ್ಕೆ ನಾಲ್ಕು ಅಳತೆ ಬೇಕೇ ಬೇಕು. ಫೋನು ಜಿಪಿಎಸ್ ಜೊತೆ ಬೆರೆಸಿ ಕೆಲಸ ನಡೆಸುತ್ತದೆ, ನಿಮಗೆ ಗೊತ್ತಾಗುವುದೂ ಇಲ್ಲ.

ಹೊಸದು ಹಾರಿದಾಗ ಏನು ಗಮನಿಸಬೇಕು

ಟಿವಿಯಲ್ಲಿ ಚಪ್ಪಾಳೆ ಕೇಳುವುದು ಉಡಾವಣೆಯಾದ ಸುಮಾರು ಇಪ್ಪತ್ತು ನಿಮಿಷಕ್ಕೆ, ಉಪಗ್ರಹ ರಾಕೆಟ್ಟಿನಿಂದ ಬೇರೆಯಾದಾಗ. ಅಲ್ಲಿಗೆ ರಾಕೆಟ್ಟಿನ ಕೆಲಸ ಮುಗಿಯಿತು, ಉಪಗ್ರಹದ್ದು ಶುರುವಾಗಬೇಕಷ್ಟೆ. ಮೊದಲ ಸರಣಿಯ ಉಪಗ್ರಹಗಳನ್ನು ಪಿಎಸ್‌ಎಲ್‌ವಿ ಬಿಡುತ್ತಿದ್ದದ್ದು ಸುಮಾರು 284 ಕಿ.ಮೀ. × 20,650 ಕಿ.ಮೀ. ಉದ್ದನೆಯ ಕಕ್ಷೆಗೆ. ಅಲ್ಲಿಂದ 36,000 ಕಿ.ಮೀ.ಗೆ ಏರುವುದು ಉಪಗ್ರಹದ ಸ್ವಂತ ಎಂಜಿನ್ನಿನಿಂದ. ಎಂಜಿನ್ನಿನ ಬಲ 440 ನ್ಯೂಟನ್, ಅಂದರೆ 45 ಕೆಜಿಯ ಮೂಟೆ ಎತ್ತುವಷ್ಟು. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು ಕೆಲವು ದಿನಗಳಲ್ಲಿ ಅದನ್ನು ಹಲವು ಸಲ ಉರಿಸುತ್ತಾರೆ: ಭೂಮಿಗೆ ಹತ್ತಿರದ ತುದಿಯಲ್ಲಿ ಉರಿಸಿದರೆ ದೂರದ ತುದಿ ಏರುತ್ತದೆ, ದೂರದ ತುದಿಯಲ್ಲಿ ಉರಿಸಿದರೆ ಹತ್ತಿರದ್ದು ಏರುತ್ತದೆ. 1,425 ಕೆಜಿ ಉಪಗ್ರಹದ ಒಣ ತೂಕ ಸುಮಾರು 600 ಕೆಜಿ ಮಾತ್ರ. ಉಳಿದದ್ದು ಇಂಧನ, ಅದರಲ್ಲಿ ಬಹುಪಾಲು ಈ ಏರುವಿಕೆಗೇ ಖರ್ಚು. ಎನ್‌ವಿಎಸ್-01 2,232 ಕೆಜಿ ತೂಗಿದ್ದರಿಂದ ಪಿಎಸ್‌ಎಲ್‌ವಿ ಬದಲು ಹೆಚ್ಚು ಬಲದ ಜಿಎಸ್‌ಎಲ್‌ವಿ ರಾಕೆಟ್ ಬೇಕಾಯಿತು.

ಎರಡು ಕಡೆ ಕೆಟ್ಟದ್ದಕ್ಕೆ ಎರಡು ಉದಾಹರಣೆ. 2017ರ ಆಗಸ್ಟ್ 31ರಂದು 1ಎಚ್ ಹೊತ್ತ ಪಿಎಸ್‌ಎಲ್‌ವಿ-ಸಿ39ರ ಶಾಖಕವಚ ಕಳಚಿಕೊಳ್ಳಲಿಲ್ಲ. ಉಪಗ್ರಹ ಕವಚದೊಳಗೇ ಸಿಕ್ಕಿಕೊಂಡಿತು. 2025ರ ಜನವರಿ 29ರಂದು ಜಿಎಸ್‌ಎಲ್‌ವಿ-ಎಫ್15 ಎನ್‌ವಿಎಸ್-02ನ್ನು ಸರಿಯಾಗಿಯೇ ಬಿಟ್ಟಿತು. ಸೌರಫಲಕಗಳು ಬಿಚ್ಚಿಕೊಂಡವು, ವಿದ್ಯುತ್ ಬಂತು, ನೆಲದೊಂದಿಗೆ ಮಾತೂ ಆಯಿತು. ಆದರೆ ಎಂಜಿನ್ನಿಗೆ ಆಕ್ಸಿಡೈಸರ್ (ಇಂಧನ ಉರಿಯಲು ಆಮ್ಲಜನಕ ಒದಗಿಸುವ ದ್ರವ) ಬಿಡುವ ಕವಾಟ ತೆರೆಯಲಿಲ್ಲ. ಗಾಳಿಯಿಲ್ಲದಲ್ಲಿ ಆಕ್ಸಿಡೈಸರ್ ಇಲ್ಲದೆ ಇಂಧನ ಉರಿಯುವುದು ಹೇಗೆ? ಉಪಗ್ರಹ ಉದ್ದನೆಯ ಕಕ್ಷೆಯಲ್ಲೇ ಉಳಿಯಿತು.

ಇದನ್ನು ಸುದ್ದಿಗೆ ಕಾಯದೆ ನೀವೇ ಪತ್ತೆಮಾಡಬಹುದು. ಸೆಲೆಸ್‌ಟ್ರಾಕ್ ತಾಣದಲ್ಲಿ ಉಪಗ್ರಹದ ಹೆಸರು ಹುಡುಕಿದರೆ ಎರಡು ಸಾಲಿನ ಕಕ್ಷೆಯ ಅಂಕಿಗಳು ಸಿಗುತ್ತವೆ. ಎರಡನೆಯ ಸಾಲಿನಲ್ಲಿ ಮೂರನೆಯದು ಓರೆ, ಐದನೆಯದು ಉದ್ದನೆತನ (ಮುಂದೆ ‘0.’ ಇದೆ ಎಂದು ಓದಿಕೊಳ್ಳಿ), ಎಂಟನೆಯದು ದಿನಕ್ಕೆಷ್ಟು ಸುತ್ತು. ಸುತ್ತು 1.0027ರ ಹತ್ತಿರ ಇದ್ದು, ಉದ್ದನೆತನ ಸೊನ್ನೆಗೆ ಹತ್ತಿರವಿದ್ದರೆ ಜಾಗ ಸೇರಿದೆ. ಸುತ್ತು ಎರಡಕ್ಕಿಂತ ಹೆಚ್ಚು, ಉದ್ದನೆತನ 0.7ರ ಸುತ್ತಮುತ್ತ ಇದ್ದರೆ ಇನ್ನೂ ದಾರಿಯಲ್ಲೇ ಇದೆ. ವಾರಗಟ್ಟಲೆ ಹಾಗೇ ಇದ್ದರೆ ಏನೋ ಎಡವಟ್ಟಾಗಿದೆ. ಜಾಗ ಸೇರಿದ ಮೇಲೂ ಪರೀಕ್ಷೆಗಳು ಮುಗಿಯುವವರೆಗೆ ಫೋನಿನಲ್ಲಿ ಯು ನಿರೀಕ್ಷಿಸಬೇಡಿ.

ಕೆಲಸದ ವರ್ಷಗಳು

ಮೊದಲ ಸರಣಿಗೆ ವಿನ್ಯಾಸದ ಆಯಸ್ಸು 10 ವರ್ಷ, ಎನ್‌ವಿಎಸ್‌ಗೆ 12. ಎಂಜಿನ್, ಫಲಕ ಗಟ್ಟಿಯಾಗಿದ್ದರೂ ಕೈಕೊಡುವುದು ಗಡಿಯಾರ. ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂ.ಮೀ. ಹೋಗುತ್ತದೆ; ಗಡಿಯಾರ 10 ನ್ಯಾನೋಸೆಕೆಂಡ್ ತಪ್ಪಿದರೆ ದೂರದ ಲೆಕ್ಕ 3 ಮೀಟರ್ ತಪ್ಪಿತು. ಅದಕ್ಕೇ ಒಂದೊಂದು ಉಪಗ್ರಹದಲ್ಲಿ ಮೂರು ರುಬಿಡಿಯಂ ಗಡಿಯಾರ ಇಟ್ಟರು. 2013ರ ಜುಲೈ 1ರಂದು ಹಾರಿದ 1ಎಯ ಮೂರೂ ಗಡಿಯಾರಗಳು 2016ರಲ್ಲೇ ಕೈಕೊಟ್ಟವು. ಅದರ ಬದಲಿಗೆ ಕಳಿಸಿದ್ದೇ ಕವಚದೊಳಗೆ ಸಿಕ್ಕಿದ 1ಎಚ್. ಕೊನೆಗೆ ಆ ಜಾಗ ತುಂಬಿದ್ದು 2018ರ ಏಪ್ರಿಲ್ 12ರಂದು ಹಾರಿದ 1ಐ. ಮೊದಲ ಸರಣಿಯ ಗಡಿಯಾರಗಳು ಹೊರದೇಶದವು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರ ಮಾಡಿದ ಗಡಿಯಾರ ಮೊದಲು ಹಾರಿದ್ದು ಎನ್‌ವಿಎಸ್-01ರಲ್ಲಿ.

ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ನ್ಯಾವಿಗೇಷನ್ ಕೇಂದ್ರ (2013ರ ಮೇ 28ರಂದು ಶುರುವಾದದ್ದು) ದೇಶದ ಉದ್ದಗಲಕ್ಕಿರುವ ನಿಗಾ ಕೇಂದ್ರಗಳ ಅಳತೆ ಕಲೆಹಾಕಿ ಪ್ರತಿ ಉಪಗ್ರಹದ ಕಕ್ಷೆ ಮತ್ತು ಗಡಿಯಾರದ ತಪ್ಪನ್ನು ಲೆಕ್ಕಹಾಕುತ್ತದೆ. ಅದನ್ನೇ ಮೇಲಕ್ಕೆ ಕಳಿಸಿ, ಉಪಗ್ರಹದ ಬಾಯಲ್ಲಿ ಹೇಳಿಸುತ್ತಾರೆ. ನಿಮ್ಮ ಫೋನಿನಲ್ಲಿ ಬಿದ್ದ ಇ ಎಂಬ ಅಕ್ಷರದ ಮೂಲ ಇದು.

ವರ್ಷಕ್ಕೆ ಎರಡು ಸಲ ಸ್ಥಿರ ಉಪಗ್ರಹಗಳಿಗೆ ಗ್ರಹಣದ ಕಾಲ: ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ, ಮತ್ತೆ ಸೆಪ್ಟೆಂಬರ್ ಮೊದಲಿನಿಂದ ಅಕ್ಟೋಬರ್ ನಡುವಿನವರೆಗೆ. ದಿನಕ್ಕೆ ಹೆಚ್ಚೆಂದರೆ 72 ನಿಮಿಷ ಭೂಮಿಯ ನೆರಳು. ಮೊದಲ ಸರಣಿಯ ಉಪಗ್ರಹದಲ್ಲಿ 1,660 ವಾಟ್ ಕೊಡುತ್ತಿದ್ದ ಫಲಕ ಸೊನ್ನೆಯಾಗಿ, 90 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಹೊರೆ ಹೊರುತ್ತದೆ. 83°ಯದಕ್ಕೆ ಇದು ನಮ್ಮ ನಡುರಾತ್ರಿಯ ಸುಮಾರಿಗೆ, 129.5°ಯದಕ್ಕೆ ರಾತ್ರಿ ಒಂಬತ್ತರ ಹತ್ತಿರ, 32.5°ಯದಕ್ಕೆ ಬೆಳಗಿನ ಜಾವ ಮೂರೂಕಾಲು-ಮೂರೂವರೆಗೆ. ರುಬಿಡಿಯಂ ಗಡಿಯಾರಕ್ಕೆ ಉಷ್ಣತೆಯ ಏರಿಳಿತ ಆಗಿಬರುವುದಿಲ್ಲ. ನೆಲದವರು ಹೆಚ್ಚು ಎಚ್ಚರದಿಂದ ನೋಡುವ ಹೊತ್ತು ಇದು. ಫೋನಿನಲ್ಲಿ ಬಲ ಇಳಿಯಬಾರದು. ಇಳಿದರೆ ಮೊದಲು ಮೇಲೆ ಹೇಳಿದ ಅಯಾನುಗೋಲವನ್ನು ಅನುಮಾನಿಸಿ, ಎರಡೂ ಒಂದೇ ತಿಂಗಳುಗಳಲ್ಲಿ ಬರುತ್ತವೆ.

ಫೋನ್ ಸಾಲದು ಎನ್ನುವವರಿಗೆ

ಫೋನಿಗಿಂತ ನಂಬಿಕೆಯ ಅಳತೆ ಬೇಕಾದರೆ ಎಲ್5 ಹಿಡಿಯುವ ಪ್ರತ್ಯೇಕ ರಿಸೀವರ್ ಮಾಡ್ಯೂಲ್ ತೆಗೆದುಕೊಳ್ಳಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ‘ಜಿಪಿಎಸ್ ಮಾಡ್ಯೂಲ್’ ಎಂದು ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಎಲ್1 ಮಾತ್ರದ ಹಳೆಯ ಬೋರ್ಡ್. ಮಾಡ್ಯೂಲಿನ ಪೂರ್ತಿ ಸಂಖ್ಯೆ ಓದಿ, ಡೇಟಾಶೀಟಿನಲ್ಲಿ ನಾವಿಕ್ ಎಲ್5 ಇದೆಯೇ ನೋಡಿ ದುಡ್ಡು ಕೊಡಿ. ಆಂಟೆನಾ ಕೂಡ ಎಲ್1/ಎಲ್5 ಎರಡಕ್ಕೂ ಆಗುವಂಥದ್ದೇ ಬೇಕು. ಮಾಡ್ಯೂಲ್ ಸರಿಯಾದದ್ದು ತಂದು ಹಳೆಯ ಎಲ್1 ಆಂಟೆನಾ ಸಿಕ್ಕಿಸಿ, ಜಿಪಿಎಸ್ ಚೆನ್ನಾಗಿ ಬರುತ್ತದೆ ನಾವಿಕ್ ಮಾತ್ರ ಬರುವುದಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರೇ ಹೆಚ್ಚು. 3.3 ವೋಲ್ಟಿನ ಯುಎಸ್‌ಬಿ-ಟಿಟಿಎಲ್ ಪರಿವರ್ತಕದಲ್ಲಿ ಮಾಡ್ಯೂಲಿನ ಟಿಎಕ್ಸ್ (ಕಳಿಸುವ) ತಂತಿ ಪರಿವರ್ತಕದ ಆರ್‌ಎಕ್ಸ್‌ಗೆ (ಪಡೆಯುವುದಕ್ಕೆ), ಆರ್‌ಎಕ್ಸ್ ಟಿಎಕ್ಸ್‌ಗೆ, ಗ್ರೌಂಡ್ ಗ್ರೌಂಡ್‌ಗೆ. ಕಂಪ್ಯೂಟರಿನಲ್ಲಿ ಬರುವ ಸಾಲುಗಳಲ್ಲಿ ‘ಜಿಐಜಿಎಸ್‌ವಿ’ (GIGSV) ಎಂದು ಶುರುವಾಗುವವು ನಾವಿಕ್‌ನವು. ಸಂಖ್ಯೆ, ಎತ್ತರ, ಅಜಿಮತ್, ಬಲ ಅದೇ ಕ್ರಮದಲ್ಲಿ ಇರುತ್ತದೆ. ಆಂಟೆನಾದ ಕೆಳಗೆ ಹತ್ತು ಸೆಂ.ಮೀ. ಅಗಲದ ಲೋಹದ ತಟ್ಟೆ ಇಟ್ಟರೆ ನೆಲದಿಂದ ಪುಟಿದು ಬರುವ ಸಂಕೇತ ತಗ್ಗುತ್ತದೆ.